ತುಂಬಿದ ಕೆಆರ್‌ಎಸ್‌ಗೆ ಹತ್ತು ಮೂಟೆ ಸಕ್ಕರೆ

ಕೃಷ್ಣರಾಜಸಾಗರ ಭರ್ತಿಯಾಗಿದೆ ಎಂದುಕೊಳ್ಳಿ. ನೀರಿನ ಮಟ್ಟ 124.80 ಅಡಿ, ಸಂಗ್ರಹ 49.45 ಟಿಎಂಸಿ. ಲೀಟರಿನಲ್ಲಿ ಹೇಳುವುದಾದರೆ ಸುಮಾರು 1 ಲಕ್ಷ 40 ಸಾವಿರ ಕೋಟಿ ಲೀಟರ್. ಆ ನೀರಿಗೆ 50 ಕಿಲೋ ತೂಕದ ಹತ್ತು ಮೂಟೆ ಸಕ್ಕರೆ ಸುರಿಯುತ್ತೀರಿ. ಸಕ್ಕರೆ ಕರಗಿ, ಅಣೆಕಟ್ಟೆಯ ಬುಡದಿಂದ ಹಿನ್ನೀರಿನ ತುದಿಯವರೆಗೆ ಒಂದೇ ಸಮನಾಗಿ ಬೆರೆಯುತ್ತದೆ. ಆಮೇಲೆ ಯಾರೋ ಬಂದು ಒಂದೇ ಒಂದು ಚಮಚ ನೀರು ಮೊಗೆದುಕೊಳ್ಳುತ್ತಾರೆ. ಒಳಗೆ ಬಿದ್ದದ್ದು ಹತ್ತು ಮೂಟೆಯೋ ಇಪ್ಪತ್ತು ಮೂಟೆಯೋ ಎಂಬುದನ್ನು ಆ ಚಮಚ ನೋಡಿಯೇ ಅವರು ಹೇಳಬೇಕು. ಜೊತೆಗೆ ಇನ್ನೊಂದು ತೊಡಕು. ಅದೇ ನೀರಿನಲ್ಲಿ ಮೊದಲೇ ಸುಮಾರು 10 ಕೋಟಿ ಟನ್ ಬೇರೆ ಪದಾರ್ಥ ಕದಡಿಕೊಂಡಿದೆ.

ಆಗದ ಮಾತು ಅನ್ನಿಸುತ್ತದೆ. ಆದರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿರುವ ಆರೋಗ್ಯವಂತ ಮನುಷ್ಯನ ರಕ್ತದಲ್ಲಿ ಇನ್ಸುಲಿನ್ ಇರುವುದು ಸರಿಸುಮಾರು ಇದೇ ಹದದಲ್ಲಿ. ರಕ್ತದ ದ್ರವಭಾಗದ ಒಂದು ಮಿಲಿಲೀಟರಿನಲ್ಲಿ ಸುಮಾರು 0.35 ನ್ಯಾನೊಗ್ರಾಂ, ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನ ಮೂರನೇ ಒಂದರಷ್ಟು. ಅದರ ಸುತ್ತ ಇರುವ ಬೇರೆ ಪ್ರೋಟೀನುಗಳ ತೂಕ 70 ಮಿಲಿಗ್ರಾಂ, ಇನ್ಸುಲಿನ್‌ನ ತೂಕದ 20 ಕೋಟಿ ಪಟ್ಟು. ಈ ಜಾತ್ರೆಯಲ್ಲಿ ಆ ಒಂದನ್ನು ಗುರುತಿಸಿ ಎಣಿಸುವ ದಾರಿಯನ್ನು ಮೊದಲು ತೋರಿಸಿದವರು ನ್ಯೂಯಾರ್ಕಿನ ಒಬ್ಬ ಭೌತವಿಜ್ಞಾನಿ, ರೊಸಾಲಿನ್ ಯಾಲೊ, ಮತ್ತು ಅವರ ಜೊತೆಗಾರ ವೈದ್ಯ ಸಾಲೊಮನ್ ಬರ್ಸನ್.

ಅವರ ಕಥೆಗೆ ಹೋಗುವ ಮುನ್ನ ಇದೇ ಲೆಕ್ಕವನ್ನು ಇನ್ನೂ ಸ್ವಲ್ಪ ಮುಂದುವರಿಸೋಣ. ರಕ್ತದಲ್ಲಿ ಸಕ್ಕರೆಯೂ ಇದೆಯಲ್ಲ? ಬರಿಹೊಟ್ಟೆಯಲ್ಲಿ ಡೆಸಿಲೀಟರಿಗೆ 90 ಮಿಲಿಗ್ರಾಂ ಇದ್ದರೆ ವೈದ್ಯರು ಸರಿಯಿದೆ ಎನ್ನುತ್ತಾರೆ. ಅದೇ ಹದಕ್ಕೆ ಕೆಆರ್‌ಎಸ್ ನೀರನ್ನು ಸಿಹಿ ಮಾಡಲು ಎಷ್ಟು ಸಕ್ಕರೆ ಬೇಕೆಂದು ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಸುಮಾರು 12 ಲಕ್ಷ 60 ಸಾವಿರ ಟನ್ ಬಂತು. ಹತ್ತು ಟನ್ ಹೊರುವ ಲಾರಿಗಳಾದರೆ 1 ಲಕ್ಷ 26 ಸಾವಿರ ಲಾರಿ. ಒಂದೊಂದಕ್ಕೆ ಹತ್ತು ಮೀಟರ್ ಜಾಗ ಬಿಟ್ಟು ಸಾಲಾಗಿ ನಿಲ್ಲಿಸಿದರೆ ಬೆಂಗಳೂರಿನಿಂದ ಹೊರಟ ಸಾಲು ಮುಂಬಯಿ ದಾಟಿ ಮುಂದಕ್ಕೂ ಹೋಗುತ್ತದೆ. ಇಷ್ಟೂ ಲಾರಿಗಳ ಸಕ್ಕರೆಯನ್ನು ಹದ್ದುಬಸ್ತಿನಲ್ಲಿಡುವುದು ಆ ಹತ್ತು ಮೂಟೆಯಷ್ಟು ಇನ್ಸುಲಿನ್. ಹತ್ತು ಮೂಟೆ ಐದಕ್ಕಿಳಿದರೆ, ಅಥವಾ ಹತ್ತು ಇದ್ದೂ ಅವುಗಳ ಮಾತನ್ನು ದೇಹ ಕೇಳದೆ ಹೋದರೆ, ಮನುಷ್ಯ ಕಾಯಿಲೆ ಬೀಳುತ್ತಾನೆ.

ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಯೂನಿಟ್ ಲೆಕ್ಕ ಬಾಯಿಪಾಠ. ಬೆಳಿಗ್ಗೆ 16, ರಾತ್ರಿ 10 ಎಂದು ಸಿರಿಂಜಿನ ಗೆರೆ ನೋಡಿ ಎಳೆದುಕೊಳ್ಳುತ್ತಾರೆ. ಅಂಥ ಒಂದು ಯೂನಿಟ್ಟಿನ ತೂಕ ಸುಮಾರು 35 ಮೈಕ್ರೊಗ್ರಾಂ. ಸಕ್ಕರೆ ಕಾಯಿಲೆ ಇಲ್ಲದವರ ಇಡೀ ಮೈಯ ರಕ್ತದಲ್ಲಿ ಬರಿಹೊಟ್ಟೆಯ ಹೊತ್ತಿನಲ್ಲಿ ಓಡಾಡುತ್ತಿರುವ ಇನ್ಸುಲಿನ್ ಒಂದು ಯೂನಿಟ್ಟಿನ ಮೂವತ್ತನೇ ಒಂದು ಪಾಲು ಮಾತ್ರ, ಅಂದರೆ ಸುಮಾರು ಒಂದು ಮೈಕ್ರೊಗ್ರಾಂ. ಹಿಂದೆ ಅಕ್ಕಸಾಲಿಗರು ಚಿನ್ನವನ್ನು ಗುಲಗಂಜಿಯಲ್ಲಿ ತೂಗುತ್ತಿದ್ದರು. ಒಂದು ಗುಲಗಂಜಿಯನ್ನು ಒಂದು ಲಕ್ಷಕ್ಕಿಂತ ಹೆಚ್ಚು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಇದು. ಆ ಪಾಲಿನೊಳಗೆ ಮತ್ತೆ ಎಣಿಸುತ್ತ ಹೋದರೆ ಅಲ್ಲಿರುವ ಇನ್ಸುಲಿನ್ ಅಣುಗಳು ಸುಮಾರು ಒಂದು ಕೋಟಿ ಕೋಟಿ. ಒಂದೊಂದು ಅಣುವೂ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಹಳೆಯದು ಕಳೆದಂತೆ ಮೇದೋಜೀರಕ ಗ್ರಂಥಿ ಹೊಸದನ್ನು ಸುರಿಸುತ್ತಲೇ ಇರುತ್ತದೆ. ಎಪ್ಪತ್ತು ವರ್ಷ ಬದುಕಿದ ಒಬ್ಬರು ಹುಟ್ಟಿದಂದಿನಿಂದ ಸಾಯುವತನಕ ತಯಾರಿಸುವ ಇನ್ಸುಲಿನ್ನೆಲ್ಲ ಒಟ್ಟುಗೂಡಿಸಿದರೆ ನಲವತ್ತು ಗ್ರಾಂ ಆಸುಪಾಸು. ಒಂದು ಹಿಡಿ ರವೆಯಷ್ಟು.

ಇಷ್ಟು ಸಣ್ಣದನ್ನು ಅಳೆದ ರೊಸಾಲಿನ್ ಸಸ್‌ಮನ್ ಹುಟ್ಟಿದ್ದು 1921ರ ಜುಲೈ 19ರಂದು, ನ್ಯೂಯಾರ್ಕಿನಲ್ಲಿ. ಅದೇ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ನಡೆಸಿ ಇನ್ಸುಲಿನ್ ಹುಡುಕುತ್ತಿದ್ದರು. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ, 1922ರ ಜನವರಿ 11ರಂದು, 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಆ ಮದ್ದಿನ ಮೊದಲ ಚುಚ್ಚುಮದ್ದು ಬಿತ್ತು. ಮುಂದಿನ ದಶಕಗಳಲ್ಲಿ ಇನ್ಸುಲಿನ್ ಬಂದದ್ದು ಕಸಾಯಿಖಾನೆಗಳಿಂದ. 225 ಗ್ರಾಂ ಶುದ್ಧ ಇನ್ಸುಲಿನ್ ತೆಗೆಯಲು ಎರಡು ಟನ್ನಿನಷ್ಟು ಹಂದಿಯ ಅಂಗಾಂಶ ಬೇಕಾಗುತ್ತಿತ್ತು. ಹಾಗೆ ದನದಿಂದ, ಹಂದಿಯಿಂದ ತೆಗೆದ ಇನ್ಸುಲಿನ್ ಲಕ್ಷಾಂತರ ಜನರನ್ನು ಬದುಕಿಸಿತು. ಆದರೆ ಮನುಷ್ಯನ ರಕ್ತದಲ್ಲಿ ಸ್ವಂತ ಇನ್ಸುಲಿನ್ ಎಷ್ಟಿದೆ ಎಂಬುದನ್ನು ನಂಬಿಕೆಯಿಂದ ಅಳೆಯುವ ಉಪಾಯ ಮಾತ್ರ ಯಾರಿಗೂ ಇರಲಿಲ್ಲ. ಇನ್ಸುಲಿನ್‌ನ ಬಲವನ್ನು ಅಳೆಯುತ್ತಿದ್ದದ್ದು ಪ್ರಾಣಿಗಳ ಮೇಲೆ. ಆರಂಭದ ಯೂನಿಟ್ ಹುಟ್ಟಿದ್ದೇ ಎರಡು ಕಿಲೋ ತೂಕದ ಮೊಲದ ರಕ್ತದ ಸಕ್ಕರೆಯನ್ನು ಎಷ್ಟು ಇಳಿಸುತ್ತದೆ ಎಂಬ ಲೆಕ್ಕದಿಂದ.

ರೊಸಾಲಿನ್‌ರ ತಂದೆ ತಾಯಿ ಹೈಸ್ಕೂಲು ಕಂಡವರಲ್ಲ. ಮಗಳು ಪ್ರಾಥಮಿಕ ಶಾಲೆಯ ಟೀಚರ್ ಆಗಲಿ ಎಂಬುದು ಅವರ ಆಸೆ. ಮಗಳ ಮನಸ್ಸು ಭೌತವಿಜ್ಞಾನದಲ್ಲಿ ನೆಟ್ಟಿತ್ತು. 1939ರ ಜನವರಿಯಲ್ಲಿ ಎನ್ರಿಕೊ ಫರ್ಮಿ ಪರಮಾಣು ವಿದಳನದ ಬಗ್ಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾತನಾಡಿದಾಗ ಕಿಕ್ಕಿರಿದ ಸಭಾಂಗಣದಲ್ಲಿ ಕುಳಿತು ಕೇಳಿದವರಲ್ಲಿ ಆಕೆಯೂ ಒಬ್ಬರು. 1941ರಲ್ಲಿ ಹಂಟರ್ ಕಾಲೇಜಿನಿಂದ ಪದವಿ ಬಂತು. ಹೆಣ್ಣು, ಅದರಲ್ಲೂ ಯಹೂದಿ ಹೆಣ್ಣು; ಭೌತವಿಜ್ಞಾನದಲ್ಲಿ ಮುಂದೆ ಓದಲು ಯಾರೂ ಸುಲಭವಾಗಿ ಸೀಟು ಕೊಡುವಂತಿರಲಿಲ್ಲ. ಒಬ್ಬ ಜೀವರಸಾಯನ ವಿಜ್ಞಾನಿಯ ಬಳಿ ಸೆಕ್ರೆಟರಿ ಕೆಲಸಕ್ಕೆ ಸೇರಿ ಶೀಘ್ರಲಿಪಿ ಕಲಿಯತೊಡಗಿದರು. ಅಷ್ಟರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಕರೆ ಬಂತು. ಶೀಘ್ರಲಿಪಿಯ ಪುಸ್ತಕಗಳನ್ನು ಹರಿದೆಸೆದೆ ಎಂದು ಅವರೇ ಮುಂದೆ ಬರೆದುಕೊಂಡಿದ್ದಾರೆ.

ಅಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕರು ಮತ್ತು ಸಹಾಯಕ ಅಧ್ಯಾಪಕರು ಸೇರಿ 400 ಮಂದಿ. ಅವರಲ್ಲಿ ಹೆಣ್ಣು ಈಕೆ ಒಬ್ಬರೇ. 1917ರ ನಂತರ ಅಲ್ಲಿಗೆ ಬಂದ ಮೊದಲ ಹೆಣ್ಣು. ಮೊದಲ ವರ್ಷ ಎಲ್ಲದರಲ್ಲೂ ಎ ದರ್ಜೆ, ದೃಗ್ವಿಜ್ಞಾನದ ಪ್ರಯೋಗದಲ್ಲಿ ಮಾತ್ರ ಎ ಮೈನಸ್. ಹೆಂಗಸರಿಗೆ ಪ್ರಯೋಗಾಲಯದ ಕೆಲಸ ಒಗ್ಗುವುದಿಲ್ಲ ಎಂಬುದಕ್ಕೆ ವಿಭಾಗದ ಮುಖ್ಯಸ್ಥರು ಆ ಮೈನಸ್ಸನ್ನೇ ಸಾಕ್ಷಿ ಮಾಡಿಕೊಂಡರು. ಒಂದು ಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ ಒಂದನ್ನು ಹಿಡಿಯುವ ಪ್ರಯೋಗಾಲಯ ಕಟ್ಟಲಿದ್ದ ಹೆಣ್ಣಿನ ಬಗ್ಗೆ ಆಡಿದ ಮಾತು ಇದು.

1943ರಲ್ಲಿ ಸಹಪಾಠಿ ಆರನ್ ಯಾಲೊ ಜೊತೆ ಮದುವೆ, 1945ರಲ್ಲಿ ಪಿಎಚ್.ಡಿ. 1947ರಲ್ಲಿ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಅರೆಕಾಲಿಕ ಕೆಲಸ. ಪ್ರಯೋಗಾಲಯ ಅಂತ ಸಿಕ್ಕಿದ್ದು ಕಸಗುಡಿಸುವವರು ಪೊರಕೆ ಬಕೆಟ್ಟು ಇಡುತ್ತಿದ್ದ ಒಂದು ಚಿಕ್ಕ ಕೋಣೆ. ವಿಕಿರಣ ಅಳೆಯುವ ಸಲಕರಣೆಗಳು ಅಂಗಡಿಯಲ್ಲಿ ಸಿಗುವ ಕಾಲವಲ್ಲ ಅದು, ಬೇಕಾದ್ದನ್ನು ತಾವೇ ಮಾಡಿಕೊಂಡರು. 1950ರಲ್ಲಿ ಬರ್ಸನ್ ಬಂದು ಸೇರಿದರು. ಯಾಲೊ ಅವರಿಗೆ ವೈದ್ಯಶಾಸ್ತ್ರದ ಓದಿಲ್ಲ, ಬರ್ಸನ್ ಅವರಿಗೆ ಭೌತವಿಜ್ಞಾನದ ತರಬೇತಿಯಿಲ್ಲ. ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರು. ಆ ಜೋಡಿ 22 ವರ್ಷ ಒಟ್ಟಿಗೆ ದುಡಿಯಿತು.

ಅವರು ಇನ್ಸುಲಿನ್‌ಗೆ ಕೈಹಾಕಿದ್ದು ಬೇರೊಂದು ಪ್ರಶ್ನೆಯಿಂದ. ದೊಡ್ಡವರಲ್ಲಿ ಬರುವ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಕೊರತೆಯಿರಲಿಕ್ಕಿಲ್ಲ, ಯಕೃತ್ತಿನ ಒಂದು ಕಿಣ್ವ ಅದನ್ನು ಅತಿ ಬೇಗ ನಾಶ ಮಾಡುತ್ತಿರಬಹುದು ಎಂದು ಆರ್ಥರ್ ಮಿರ್ಸ್ಕಿ ಎಂಬ ವಿಜ್ಞಾನಿ ಊಹಿಸಿದ್ದರು. ಪರೀಕ್ಷಿಸಿಬಿಡೋಣ ಎಂದು ಯಾಲೊ ಮತ್ತು ಬರ್ಸನ್ ಇನ್ಸುಲಿನ್‌ಗೆ ವಿಕಿರಣಶೀಲ ಅಯೊಡಿನ್ 131 ಅಂಟಿಸಿದರು. ಎಂಟು ದಿನಕ್ಕೆ ಅರ್ಧ ಕರಗುವ, ಕರಗುವಾಗಲೆಲ್ಲ ತಾನಿರುವ ಜಾಗದ ಸುಳಿವು ಕೊಡುವ ಪರಮಾಣು ಅದು. ಈ ಗುರುತಿನ ಇನ್ಸುಲಿನ್ನನ್ನು ಚುಚ್ಚಿ, ರಕ್ತದಿಂದ ಅದು ಎಷ್ಟು ಬೇಗ ಮಾಯವಾಗುತ್ತದೆಂದು ಗಮನಿಸಿದರು. ಫಲಿತಾಂಶ ತಿರುಗುಮುರುಗಾಗಿತ್ತು. ಹಿಂದೆ ಇನ್ಸುಲಿನ್ ಚುಚ್ಚುಮದ್ದು ಪಡೆದವರ ರಕ್ತದಲ್ಲಿ ಅದು ಬೇಗ ಮಾಯವಾಗುವ ಬದಲು ಹೆಚ್ಚು ಹೊತ್ತು ಉಳಿಯುತ್ತಿತ್ತು. ಯಾವುದೋ ಒಂದು ವಸ್ತು ಅದನ್ನು ಹಿಡಿದಿಟ್ಟುಕೊಂಡಿತ್ತು.

ಹಿಡಿದಿಟ್ಟದ್ದು ಪ್ರತಿಕಾಯ, ಹೊರಗಿನಿಂದ ಬಂದದ್ದನ್ನು ಹಿಡಿಯಲು ದೇಹವೇ ತಯಾರಿಸುವ ಕಾವಲುಗಾರ. ಇನ್ಸುಲಿನ್ 51 ಅಮೈನೊ ಆಮ್ಲಗಳ ಸರ. ಮನುಷ್ಯನ ಸರಕ್ಕೂ ದನದ ಸರಕ್ಕೂ ಇರುವ ವ್ಯತ್ಯಾಸ 3 ಮಣಿ. ಹಂದಿಯದಾದರೆ ಒಂದೇ ಮಣಿ. ಅಷ್ಟು ಸಣ್ಣ ಬದಲಾವಣೆಯನ್ನೂ ದೇಹ ಗುರುತಿಸಿ ತಡೆದು ನಿಲ್ಲಿಸಿತ್ತು. ಆದರೆ ಆಗಿನ ಪಂಡಿತರು ಇದನ್ನು ಒಪ್ಪಲಿಲ್ಲ. ಇನ್ಸುಲಿನ್‌ನಷ್ಟು ಚಿಕ್ಕ ಅಣುವಿನ ವಿರುದ್ಧ ಪ್ರತಿಕಾಯ ಹುಟ್ಟುವುದೇ ಇಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಪ್ರತಿಕಾಯದ ತೂಕ ಇನ್ಸುಲಿನ್ ಅಣುವಿನ ಸುಮಾರು 25 ಪಟ್ಟು. ನೊಣ ಹಿಡಿಯಲು ಆನೆ ಹೊರಟೀತೇ ಎಂಬಂಥ ಅನುಮಾನ. 1955ರಲ್ಲಿ ಅವರ ಪ್ರಬಂಧ ತಿರಸ್ಕೃತವಾಯಿತು. ಕೊನೆಗೆ ಶೀರ್ಷಿಕೆಯಲ್ಲಿ ಪ್ರತಿಕಾಯ ಎಂಬ ಪದ ಬಿಟ್ಟು, ಇನ್ಸುಲಿನ್ನನ್ನು ಹಿಡಿಯುವ ಗ್ಲಾಬುಲಿನ್ ಎಂದು ಬರೆದುಕೊಟ್ಟ ಮೇಲೆ 1956ರಲ್ಲಿ ಪ್ರಕಟವಾಯಿತು. ಆ ತಿರಸ್ಕಾರದ ಪತ್ರವನ್ನು ಯಾಲೊ ಎತ್ತಿಟ್ಟುಕೊಂಡರು. 1977ರಲ್ಲಿ ನೊಬೆಲ್ ಉಪನ್ಯಾಸ ಕೊಡುವಾಗ ಅದನ್ನು ಜಗತ್ತಿಗೇ ತೋರಿಸಿದರು.

ಇಲ್ಲಿಂದ ಮುಂದಿನದು ಇಡೀ ಕಥೆಯ ಜೀವಾಳ. ಪ್ರತಿಕಾಯ ಕೋಟಿ ಕೋಟಿ ಅಣುಗಳ ನಡುವೆ ಇನ್ಸುಲಿನ್ನನ್ನೇ ಗುರುತಿಸಿ ಹಿಡಿಯುತ್ತದೆ ಎಂದಾದರೆ, ಆ ಹಿಡಿತವನ್ನೇ ಅಳತೆಗೋಲು ಮಾಡಬಾರದೇಕೆ?

ಮದುವೆ ಮನೆಯ ಊಟದ ಪಂಕ್ತಿ ನೆನೆಸಿಕೊಳ್ಳಿ. ನೂರು ಎಲೆ ಹಾಕಿದೆ. ಕೆಂಪು ಶಲ್ಯ ಹೊದ್ದ ನೂರು ಜನ ಗಂಡಿನ ಕಡೆಯವರು ಬಾಗಿಲಲ್ಲಿದ್ದಾರೆ. ಬೇರೆ ಯಾರೂ ಬರದಿದ್ದರೆ ನೂರು ಎಲೆಯ ಮುಂದೂ ಕೆಂಪು ಶಲ್ಯವೇ. ಆದರೆ ಶಲ್ಯವಿಲ್ಲದ ನೂರು ಜನ ಗಂಡಿನ ಕಡೆಯವರು ಇನ್ನೊಂದು ಬಸ್ಸಿನಲ್ಲಿ ಬಂದು ಅದೇ ಬಾಗಿಲಲ್ಲಿ ಬೆರೆತುಕೊಂಡರು. ಎಲೆ ಇರುವುದು ನೂರೇ. ನುಗ್ಗಿ ಕುಳಿತ ಮೇಲೆ ಎಣಿಸಿದರೆ ಕೆಂಪು ಶಲ್ಯ ಸುಮಾರು ಐವತ್ತು. ಬಂದವರು ಮುನ್ನೂರಾಗಿದ್ದರೆ ಶಲ್ಯ ಇಪ್ಪತ್ತೈದು. ಹೊಸಬರನ್ನು ಮುಟ್ಟಿ ಎಣಿಸುವ ಗೊಡವೆಯೇ ಬೇಡ. ಕುಳಿತ ಶಲ್ಯಗಳನ್ನು ಎಣಿಸಿದರೆ ಬಂದವರ ಲೆಕ್ಕ ತಾನಾಗಿ ಸಿಗುತ್ತದೆ. ಬೀದಿಯಲ್ಲಿ ಕೋಟಿ ಜನ ಓಡಾಡಲಿ, ಆ ಪಂಕ್ತಿಯಲ್ಲಿ ಕೂರಲು ಅವರಿಗೆ ಹಕ್ಕಿಲ್ಲ.

ಎಲೆ ಎಂದರೆ ಪ್ರತಿಕಾಯ. ಕೆಂಪು ಶಲ್ಯದವರು ವಿಕಿರಣದ ಗುರುತುಳ್ಳ ಇನ್ಸುಲಿನ್. ಶಲ್ಯವಿಲ್ಲದವರು ರೋಗಿಯ ರಕ್ತದಲ್ಲಿರುವ ಇನ್ಸುಲಿನ್. ಇದಕ್ಕೆ ರೇಡಿಯೊ ಇಮ್ಯುನೊ ಅಸ್ಸೇ ಎಂದು ಹೆಸರಾಯಿತು. ಬೇಕಾದ ಪ್ರತಿಕಾಯ ಸಿಕ್ಕಿದ್ದು ದನದ ಇನ್ಸುಲಿನ್ ಚುಚ್ಚಿದ ಗಿನಿಯಿಲಿಗಳಿಂದ. ಎಲ್ಲವೂ ನಡೆಯುವುದು ಪರೀಕ್ಷಾ ನಳಿಕೆಯಲ್ಲಿ, ಆದ್ದರಿಂದ ರೋಗಿಯ ಮೈಗೆ ಎಳ್ಳಷ್ಟೂ ವಿಕಿರಣ ಹೋಗುವುದಿಲ್ಲ. ಮನುಷ್ಯನ ರಕ್ತದಲ್ಲಿರುವ ಅವನದೇ ಇನ್ಸುಲಿನ್ನನ್ನು ಹೀಗೆ ಅಳೆದ ಪೂರ್ಣ ವಿವರ 1960ರಲ್ಲಿ ಪ್ರಕಟವಾಯಿತು. ಚಮಚ ನೀರು ನೋಡಿ ಕೆಆರ್‌ಎಸ್‌ಗೆ ಬಿದ್ದ ಮೂಟೆಗಳನ್ನು ಎಣಿಸುವುದು ಕೊನೆಗೂ ಸಾಧ್ಯವಾಗಿತ್ತು.

ಎಣಿಸಿದಾಗ ಕಂಡದ್ದೇನು? ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಬಂದ ಎಷ್ಟೋ ಜನರಲ್ಲಿ ಇನ್ಸುಲಿನ್ ಕಡಿಮೆಯಿರಲಿಲ್ಲ. ಗ್ಲೂಕೋಸ್ ಕುಡಿಸಿದ ಮೇಲೆ ಅದು ಆರೋಗ್ಯವಂತರಿಗಿಂತ ಹೆಚ್ಚೇ ಏರುತ್ತಿತ್ತು. ಹೀಗೆ ಮಧುಮೇಹದ ಬಗ್ಗೆ ಅದುವರೆಗಿನ ತಿಳಿವಳಿಕೆ ಮಗ್ಗುಲು ಬದಲಿಸಿತು. ಕೀಲಿಕೈ ಕಳೆದುಹೋಗಿಲ್ಲ, ಬೀಗ ತುಕ್ಕು ಹಿಡಿದಿದೆ ಎಂದು ಗೊತ್ತಾಯಿತು. ಇವತ್ತು ವೈದ್ಯರು ಇನ್ಸುಲಿನ್ ಪ್ರತಿರೋಧ ಎಂದು ಹೇಳುತ್ತಾರಲ್ಲ, ಊಟ ಹದಮಾಡಿ, ದಿನಾ ನಡೆಯಿರಿ, ಹೊಟ್ಟೆ ಇಳಿಸಿ ಎನ್ನುತ್ತಾರಲ್ಲ, ಆ ಮಾತಿನ ಹಿಂದೆ ನಿಂತಿರುವುದು ಈ ಎಣಿಕೆ.

ಬೀಗಕ್ಕೊಂದು ಕೀಲಿ ಸಿಕ್ಕ ಮೇಲೆ ಓಣಿಯ ಬಾಗಿಲುಗಳೆಲ್ಲ ತೆರೆದವು. ಬೆಳವಣಿಗೆಯ ಹಾರ್ಮೋನು, ಥೈರಾಯ್ಡ್‌ಗೆ ಸಂಬಂಧಿಸಿದ ಹಾರ್ಮೋನುಗಳು, ಜಠರದ ಗ್ಯಾಸ್ಟ್ರಿನ್, ಬಸಿರಿಗೆ ಸಂಬಂಧಪಟ್ಟವು, ಎಲ್ಲವನ್ನೂ ಅಳೆಯತೊಡಗಿದರು. ಅಳತೆ ನ್ಯಾನೊಗ್ರಾಮಿನಿಂದ ಪಿಕೊಗ್ರಾಮಿಗೆ, ಅಂದರೆ ಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ ಒಂದಕ್ಕೆ, ಇಳಿಯಿತು. ಮೆದುಳಿನ ಬುಡದ ಪಿಟ್ಯುಟರಿ ಸುರಿಸುವ ಎಸಿಟಿಎಚ್ ಎಂಬ ಹಾರ್ಮೋನು ರಕ್ತದಲ್ಲಿರುವುದು ಮಿಲಿಲೀಟರಿಗೆ ಕೆಲವು ಹತ್ತು ಪಿಕೊಗ್ರಾಂ. ಕೆಆರ್‌ಎಸ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಮೂಟೆ ಸಕ್ಕರೆ. ರಕ್ತನಿಧಿಗಳಲ್ಲಿ ದಾನಿಗಳ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆಯೇ ಎಂದು ನೋಡಲೂ ಇದೇ ವಿಧಾನ ಬಂತು. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ನವಜಾತ ಶಿಶುಗಳ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಥೈರಾಯ್ಡ್ ಕೊರತೆ ಇದೆಯೇ ಎಂದು ಪರೀಕ್ಷಿಸಲು ಶುರುಮಾಡಿದರು. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಮೂರರಿಂದ ನಾಲ್ಕು ಸಾವಿರ ಮಕ್ಕಳಲ್ಲಿ ಒಂದಕ್ಕೆ ಈ ಕೊರತೆಯಿತ್ತು. ಮೊದಲ ವಾರಗಳಲ್ಲೇ ಮಾತ್ರೆ ಕೊಟ್ಟರೆ ಆ ಮಗು ಎಲ್ಲರಂತೆ ಬೆಳೆಯುತ್ತದೆ. ಗೊತ್ತಾಗದೆ ಹೋದರೆ ಬುದ್ಧಿಮಾಂದ್ಯತೆ ಜೀವಮಾನದ ಸಂಗಾತಿ. ಒಂದು ಹನಿ ರಕ್ತ ಒಂದು ಇಡೀ ಬದುಕಿನ ದಿಕ್ಕು ಬದಲಿಸಿತು. ಇಂದಿನ ಲ್ಯಾಬುಗಳಲ್ಲಿ ವಿಕಿರಣದ ಜಾಗಕ್ಕೆ ಹೆಚ್ಚಾಗಿ ಬೆಳಕು ಸೂಸುವ ರಾಸಾಯನಿಕಗಳು ಬಂದಿವೆ. ಆದರೂ ಥೈರಾಯ್ಡ್ ಪರೀಕ್ಷೆಯಾದ ಮೇಲೆ ನಿಮ್ಮ ಕೈಗೆ ಬರುವ ಟಿಎಸ್‌ಎಚ್ ರಿಪೋರ್ಟಿನ ಆ ಒಂದು ಅಂಕಿ ಹುಟ್ಟುವುದು ಪ್ರತಿಕಾಯದ ಹಿಡಿತದಿಂದಲೇ.

ಇಷ್ಟು ದೊಡ್ಡ ವಿದ್ಯೆಗೆ ಯಾಲೊ ಮತ್ತು ಬರ್ಸನ್ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಅಪಾರ ಹಣ ಬರುತ್ತಿತ್ತು. ಕೇಳಿ ಬಂದವರಿಗೆಲ್ಲ ವಿಧಾನ ಹೇಳಿಕೊಟ್ಟರು. ಜಗತ್ತಿನ ಮೂಲೆಮೂಲೆಯ ಪ್ರಯೋಗಾಲಯಗಳಿಗೆ ಅದು ಅಷ್ಟು ಬೇಗ ಹಬ್ಬಲು ಈ ಉದಾರತನವೂ ಕಾರಣ.

1972ರ ಏಪ್ರಿಲ್ 11ರಂದು ಬರ್ಸನ್ ತೀರಿಕೊಂಡರು. ವಯಸ್ಸು 53. ಸತ್ತವರಿಗೆ ನೊಬೆಲ್ ಕೊಡುವ ಪದ್ಧತಿಯಿಲ್ಲ. ಯಾಲೊ ತಮ್ಮ ಪ್ರಯೋಗಾಲಯಕ್ಕೆ ಬರ್ಸನ್ ಹೆಸರಿಡುವಂತೆ ಕೇಳಿಕೊಂಡರು. ತಾವು ಮುಂದೆ ಬರೆಯುವ ಪ್ರತಿ ಪ್ರಬಂಧದಲ್ಲೂ ಆ ಹೆಸರು ಅಚ್ಚಾಗಲಿ ಎಂಬುದು ಅವರ ಇಚ್ಛೆ. 1977ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಹುಮಾನದ ಅರ್ಧ ಪಾಲು ಅವರಿಗೆ ಬಂತು. ಉಳಿದರ್ಧವನ್ನು ಮೆದುಳಿನ ಹಾರ್ಮೋನುಗಳನ್ನು ಕಂಡುಹಿಡಿದ ರೋಜರ್ ಗಿಲ್ಮಾ ಮತ್ತು ಆಂಡ್ರ್ಯೂ ಶ್ಯಾಲಿ ಹಂಚಿಕೊಂಡರು. 1901ರಿಂದ ಕೊಡುತ್ತಾ ಬಂದ ಆ ಬಹುಮಾನ ಹೆಣ್ಣೊಬ್ಬಳ ಕೈಸೇರಿದ್ದು ಅದು ಎರಡನೇ ಸಲ. ಮೊದಲನೆಯವರು 1947ರಲ್ಲಿ ಪಡೆದ ಗರ್ಟಿ ಕೋರಿ. ಜಗತ್ತು ತನ್ನ ಅರ್ಧದಷ್ಟು ಜನರ ಪ್ರತಿಭೆಯನ್ನು ಕಳೆದುಕೊಂಡರೆ ನಷ್ಟ ಜಗತ್ತಿಗೇ ಎಂದು ಯಾಲೊ ಸ್ಟಾಕ್‌ಹೋಮಿನಲ್ಲಿ ವಿದ್ಯಾರ್ಥಿಗಳ ಮುಂದೆ ಹೇಳಿದರು. 2011ರ ಮೇ 30ರಂದು, 89ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಬ್ರಾಂಕ್ಸ್‌ನ ಆ ಕೋಣೆಯಲ್ಲಿ ಮೊದಲಾದ ಎಣಿಕೆ ನಮ್ಮ ಮೈಸೂರಿನವರೆಗೂ ಬಂದಿದೆ. ಮಿಷನ್ ಆಸ್ಪತ್ರೆ ಎಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆಗಳಿವೆ. 1990ರ ದಶಕದಲ್ಲಿ ಸಂಶೋಧಕರು ಆ ಹಳೆಯ ಪುಸ್ತಕಗಳನ್ನು ಹಿಡಿದು, ಅಂದು ಅಲ್ಲಿ ಹುಟ್ಟಿ ಈಗ ನಡುವಯಸ್ಸಿಗೆ ಬಂದ ಐನೂರಕ್ಕೂ ಹೆಚ್ಚು ಜನರನ್ನು ಹುಡುಕಿ, ಅವರ ರಕ್ತದ ಸಕ್ಕರೆಯನ್ನೂ ಇನ್ಸುಲಿನ್ನನ್ನೂ ಅಳೆದರು. ಹುಟ್ಟುವಾಗ ಗಿಡ್ಡಗೆ ದುಂಡಗಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಿತ್ತು. ಕಾಯಿಲೆಯ ಬೇರು ತಾಯ ಗರ್ಭದವರೆಗೂ ಇಳಿದಿದೆ ಎಂಬ ತಿಳಿವಳಿಕೆಗೆ ಮೈಸೂರು ಹೀಗೆ ತನ್ನ ಪಾಲು ಸೇರಿಸಿತು.

ಕೊನೆಗೆ ದೊಡ್ಡ ಅಂಕಿಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆಗೂಡಿ ನಡೆದ ಸಮೀಕ್ಷೆ 2023ರಲ್ಲಿ ಹೇಳಿದಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. 2011ರ ಜನಗಣತಿಯಲ್ಲಿ ಕರ್ನಾಟಕದ ಇಡೀ ಜನಸಂಖ್ಯೆ ಇದ್ದದ್ದು 6.11 ಕೋಟಿ. ಮಧುಮೇಹದ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13.6 ಕೋಟಿ. ಇವರಲ್ಲಿ ಅನೇಕರಿಗೆ ತಾವು ಆ ಲೆಕ್ಕದಲ್ಲಿದ್ದೇವೆ ಎಂಬುದೇ ಗೊತ್ತಿಲ್ಲ, ಏಕೆಂದರೆ ಮೊದಲ ವರ್ಷಗಳಲ್ಲಿ ಈ ಕಾಯಿಲೆ ನೋವು ಕೊಡುವುದಿಲ್ಲ. ಅದು ಕಾಣುವುದು ಅಳೆದಾಗ ಮಾತ್ರ.

ಕಾಣದಷ್ಟು ಸಣ್ಣದನ್ನು ಅಳೆಯಲು ರೊಸಾಲಿನ್ ಯಾಲೊ ಒಂದು ಆಯುಷ್ಯ ಕೊಟ್ಟರು. ನಾವು ಕೊಡಬೇಕಾದ್ದು ಬೆರಳ ತುದಿಯ ಒಂದು ಹನಿ ರಕ್ತ. ನಿಮಗೆ ಮೂವತ್ತು ದಾಟಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ, ಅಲ್ಲಿ ಅದಕ್ಕೆ ದುಡ್ಡಿಲ್ಲ. ಮನೆಯಲ್ಲಿ ಮಗು ಹುಟ್ಟಿದ್ದರೆ ಆಸ್ಪತ್ರೆ ಬಿಡುವ ಮುನ್ನ ಥೈರಾಯ್ಡ್ ಪರೀಕ್ಷೆ ಆಯಿತೇ ಎಂದು ಕೇಳಿ.